ಬೈಸಿಕಲ್ಲಿನ ಶುಚಿತ್ವ: ಒಂದು ವಿನೋದ ವಿವೇಚನೆ

ಮಾನವನು ನಿರ್ಮಿಸಿದ ವಾಹನಗಳಲ್ಲಿ ಬೈಸಿಕಲ್ಲಿನಷ್ಟು ಅಲ್ಪತೃಪ್ತವಾದುದು ಬೇರೊಂದಿಲ್ಲ. ಅದು ಹುಲ್ಲನ್ನಾಗಲಿ ಪೆಟ್ರೋಲನ್ನಾಗಲಿ ಬೇಡುವುದಿಲ್ಲ. ಆಗಾಗ ಒಂದು ತುಂಡು ಹಳೆಯ ಬಟ್ಟೆ ಮತ್ತು ನಾಲ್ಕು ಹನಿ ಎಣ್ಣೆ ದೊರೆತರೆ ಅದಕ್ಕೆ ಸಾಕು. ಆದರೆ ಈ ಅಲ್ಪಸೇವೆಯನ್ನು ಸಲ್ಲಿಸುವಲ್ಲಿ ಮನುಷ್ಯನು ತೋರುವ ವೈಪರೀತ್ಯಗಳು ನಗೆಯುಕ್ಕಿಸುವಂತಿವೆ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹಿಂದಿನ ಎತ್ತರದ ಚಕ್ರದ ಬೈಸಿಕಲ್ಲಿಗೆ ಸರಪಳಿಯೇ ಇರಲಿಲ್ಲ. ಪೆಡಲುಗಳು ಮುಂದಿನ ಚಕ್ರಕ್ಕೇ ಜೋಡಣೆಗೊಂಡಿದ್ದವು. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಉರುಳೆಗಳುಳ್ಳ ಸರಪಳಿಯನ್ನು ರೂಪಿಸಿದರು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಅವರ 'ರೋವರ್' ಬೈಸಿಕಲ್ಲು ಸರಪಳಿಯ ಮೂಲಕ ಹಿಂದಿನ ಚಕ್ರವನ್ನು ತಿರುಗಿಸಿತು. ಅಂದಿನಿಂದ ಸವಾರನಿಗೆ ಬೀಳುವ ಭಯ ಕಡಿಮೆಯಾಯಿತು. ಬಟ್ಟೆ ಕಪ್ಪಾಗುವ ಭಯ ಮೊದಲಾಯಿತು. ಒಡೆಯನು ಸರಪಳಿಯನ್ನು ಒರೆಸದಿದ್ದರೆ, ಅದು ಆತನ ಧೋತರದ ಅಂಚಿಗೆ ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ.

ಹಾಗೆಂದು ಸರಪಳಿಗೆ ಧಾರಾಳವಾಗಿ ಎಣ್ಣೆ ಸುರಿಯುವುದೂ ಜಾಣತನವಲ್ಲ. ಹೆಚ್ಚಾದ ಎಣ್ಣೆಯು ರಸ್ತೆಯ ಧೂಳನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಎರಡೂ ಬೆರೆತ ಕರಿಯ ಲೇಪವು ಅರೆಯುವ ಕಲ್ಲಿನಂತೆ ಕೊಂಡಿಗಳ ಒಳಗಿನ ಸಣ್ಣ ಗೂಟಗಳನ್ನು ಸವೆಸುತ್ತದೆ, ಸರಪಳಿ ಉದ್ದವಾಗುತ್ತದೆ. ಪ್ರತಿ ಕೊಂಡಿಯ ಅಳತೆ ಅರ್ಧ ಅಂಗುಲ. 24 ಕೊಂಡಿಗಳನ್ನು ಅಳೆದಾಗ 12 ಅಂಗುಲಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು ಬಂದರೆ ಆ ಸರಪಳಿಯ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಇನ್ನು ಕೆಲವರು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಸರಪಳಿಗೂ ಹಚ್ಚುವ ಸಮದರ್ಶಿಗಳು. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಉಷ್ಣತೆಯಲ್ಲಿ ಅದು ಹೆಪ್ಪುಗಟ್ಟುವುದರಿಂದ, ಚಳಿಗಾಲದ ಮುಂಜಾನೆ ಸರಪಳಿಯ ಸಂದುಗಳಲ್ಲಿ ತುಪ್ಪದಂತೆ ನೆಲೆಸುತ್ತದೆ!

ರಿಮ್ಮು ಹೊಳೆಯಲೆಂದು ಅದಕ್ಕೂ ಎಣ್ಣೆ ತಿಕ್ಕುವವರುಂಟು. ಬ್ರೇಕಿನ ರಬ್ಬರು ಹಿಡಿಯುವುದು ಆ ರಿಮ್ಮನ್ನೇ. ಎಣ್ಣೆ ತಗುಲಿದ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ. ಹೊಳೆಯುವ ವಾಹನವು ಒಡೆಯನನ್ನು ಎದುರಿನ ಗೋಡೆಯವರೆಗೂ ವೈಭವದಿಂದ ಕರೆದೊಯ್ಯುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಹೊಸ ಬೈಸಿಕಲ್ಲಿನ ಮೇಲಿನ ಮಮತೆ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಎಷ್ಟೋ ಮನೆಗಳಿಗೆ ಮೊದಲ ವಾಹನ ಬಂದಿತು. ಬಣ್ಣ ಕೆಡಬಾರದೆಂದು ಕಂಬಿಗೆ ಸುತ್ತಿ ಬಂದ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ಬಿಚ್ಚದೆ ಕಾಪಾಡುವವರು ಇಂದಿಗೂ ಇದ್ದಾರೆ. ಮಳೆಯ ನೀರು ಅದರೊಳಗೆ ಸೇರಿ ಹೊರಬರಲಾರದು. ಬಣ್ಣ ಕೆತ್ತಿದ ಕಡೆ ಗಾಳಿಯೂ ತೇವವೂ ಕಬ್ಬಿಣದೊಡನೆ ಕೂಡಿ ತುಕ್ಕಾಗುತ್ತದೆ. ರಕ್ಷಣೆಯ ಹೊದಿಕೆಯೇ ತುಕ್ಕಿನ ಮರೆಯಾಗುತ್ತದೆ.

ಇದು ಕೇವಲ ನಗುವಿನ ಮಾತಲ್ಲ. ಐದು ಕಿಲೋಮೀಟರು ದೂರದ ಹಳ್ಳಿಯಿಂದ ಶಾಲೆಗೆ ಬರುವ ಬಾಲಕಿಯ ಸರಪಳಿ ದಾರಿಯಲ್ಲಿ ಕಡಿದರೆ ಆಕೆಗೆ ಅಂದಿನ ಪಾಠ ತಪ್ಪುತ್ತದೆ. ಬ್ರೇಕು ಹಿಡಿಯದಿದ್ದರೆ ಜೀವಕ್ಕೇ ಅಪಾಯ. ಆಯುಧಪೂಜೆಯಂದು ಮಾತ್ರ ತೊಳೆದು ಹೂಮಾಲೆ ಹಾಕಿದರೆ ಉಳಿದ ದಿನಗಳ ಧೂಳು ಕ್ಷಮಿಸುವುದಿಲ್ಲ. ವಾರಕ್ಕೆ ಹತ್ತು ನಿಮಿಷ ಸಾಕು: ಮೊದಲು ಸರಪಳಿಯನ್ನು ಒಣಬಟ್ಟೆಯಿಂದ ಒರೆಸಬೇಕು; ಕೊಂಡಿಗೊಂದು ಹನಿಯಂತೆ ತೆಳುವಾದ ಯಂತ್ರದ ಎಣ್ಣೆ ಬಿಟ್ಟು, ಪೆಡಲು ತಿರುಗಿಸಿ, ಹೆಚ್ಚಾದುದನ್ನು ಮತ್ತೆ ಒರೆಸಬೇಕು. ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಎಣ್ಣೆ ಸೋಕದಂತೆ ನೋಡಿಕೊಳ್ಳಬೇಕು. ಮಳೆಯಲ್ಲಿ ನೆನೆದ ದಿನ ನೀರು ಒರೆಸಿಯೇ ಒಳಗಿಡಬೇಕು. ಸಮಯವುಳಿದರೆ ಮಡ್‌ಗಾರ್ಡನ್ನು ಉಜ್ಜಬಹುದು. ಗಂಟೆ ಥಳಥಳಿಸದಿದ್ದರೂ ಚಿಂತೆಯಿಲ್ಲ, ಎದುರಿನವರಿಗೆ ಕೇಳಿಸಿದರೆ ಸಾಕು.