ಮೊದಲ ಡಿಎಸ್‌ಎಲ್‌ಆರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮೊದಲ ಸಂಬಳದಲ್ಲೋ, ಮನೆಯವರನ್ನು ಕಾಡಿ ಬೇಡಿ ಹೊಂದಿಸಿದ ದುಡ್ಡಿನಲ್ಲೋ ಕ್ಯಾಮೆರಾ ಕೊಳ್ಳಲು ಹೊರಟವರು ಬಂದು ಕೇಳುವುದು ಒಂದೇ ಪ್ರಶ್ನೆ: "ಯಾವ ಮಾಡೆಲ್ ಒಳ್ಳೇದು ಸರ್?" ನಾನು ತಿರುಗಿ ಕೇಳುವುದೂ ಒಂದೇ: ಏನನ್ನು ತೆಗೆಯಬೇಕು ಅಂತಿದ್ದೀರಿ? ಹಕ್ಕಿಯನ್ನೋ, ಮನೆಯ ಮಗುವನ್ನೋ, ರಾತ್ರಿಯ ಬಯಲಾಟವನ್ನೋ? ಇದಕ್ಕೆ ಉತ್ತರ ಸಿಕ್ಕಿದರೆ ಬಾಡಿ ಆರಿಸುವುದು ಹತ್ತು ನಿಮಿಷದ ಕೆಲಸ. ಉಳಿದ ಯೋಚನೆಯೆಲ್ಲ ಲೆನ್ಸಿನದು.

ಕೊಂಡ ಆರೇ ತಿಂಗಳಲ್ಲಿ ಬೀರು ಸೇರಿದ ಕ್ಯಾಮೆರಾಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವು ಕೆಟ್ಟ ಕ್ಯಾಮೆರಾಗಳಲ್ಲ, ಕೊಂಡವರ ಆಸೆಗೆ ಹೊಂದದವು. ಅವರಿವರು ಹೇಳಿದ್ದನ್ನು ನಂಬಿ ದುಡ್ಡನ್ನು ತಪ್ಪು ಜಾಗದಲ್ಲಿ ಹಾಕಿದ್ದರ ಫಲ ಅದು. ಹಾಗೆ ಬಾಯಿಂದ ಬಾಯಿಗೆ ಹರಿದಾಡುವ ಮಾತುಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ತಪ್ಪು ಕಲ್ಪನೆ: ಮೆಗಾಪಿಕ್ಸೆಲ್ ಜಾಸ್ತಿ ಇದ್ದಷ್ಟೂ ಫೋಟೊ ಚೆನ್ನಾಗಿ ಬರುತ್ತದೆ.

ವಾಸ್ತವ: ಲೆಕ್ಕ ಹಾಕಿ ನೋಡೋಣ. 8x12 ಇಂಚಿನ ಪ್ರಿಂಟ್ ಚೊಕ್ಕವಾಗಿ ಬರಬೇಕೆಂದರೆ ಇಂಚಿಗೆ 300 ಪಿಕ್ಸೆಲ್‌ನಂತೆ 2400x3600, ಅಂದರೆ ಸುಮಾರು 8.6 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿಯ ಇಡೀ ಪರದೆಯಲ್ಲಿ ಇರುವುದೇ 8.3 ಮೆಗಾಪಿಕ್ಸೆಲ್. 2003ರಲ್ಲಿ ಬಂದು ಡಿಎಸ್‌ಎಲ್‌ಆರ್ ಬೆಲೆಯನ್ನು ಮೊದಲ ಬಾರಿಗೆ 1000 ಡಾಲರ್‌ಗಿಂತ ಕೆಳಕ್ಕೆ ಇಳಿಸಿದ ಕ್ಯಾನನ್ 300ಡಿಯಲ್ಲಿ ಇದ್ದದ್ದು 6.3 ಮೆಗಾಪಿಕ್ಸೆಲ್. ಈಗ ಕಡಿಮೆ ಬೆಲೆಯ ಸಾಲಿನಲ್ಲಿ ತೀರಾ ಕೆಳಗಿರುವ ಕ್ಯಾನನ್ 3000ಡಿಯಲ್ಲೇ 18 ಇದೆ. ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500ರಲ್ಲಿ 24. ಹಾಗಾಗಿ ಈ ಸಂಖ್ಯೆಯನ್ನು ನಿಮ್ಮ ಪಟ್ಟಿಯಿಂದಲೇ ತೆಗೆದುಬಿಡಿ. ಬೆಳಕು ಹಿಡಿಯುವ ಸೆನ್ಸರಿನ ಅಳತೆ ಮುಖ್ಯ. ಈ ಕ್ಯಾನನ್ ಬಾಡಿಗಳಲ್ಲಿ ಅದು ಸುಮಾರು 22x15 ಮಿಲಿಮೀಟರ್, ನಿಕಾನ್‌ನಲ್ಲಿ ತುಸು ಹೆಚ್ಚು, ಬಹುತೇಕ ಫೋನುಗಳ ಮುಖ್ಯ ಸೆನ್ಸರಿಗಿಂತ ಎಷ್ಟೋ ಪಟ್ಟು ದೊಡ್ಡದು. 3000ಡಿಯನ್ನು ಬೇಡ ಎನ್ನಲು ನನಗಿರುವ ಕಾರಣಗಳೇ ಬೇರೆ: ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್‌ನದು, ವ್ಯೂಫೈಂಡರನ್ನು ನಮ್ಮ ಕಣ್ಣಿನ ಪವರ್‌ಗೆ ಹೊಂದಿಸಿಕೊಳ್ಳುವ ತಿರುಗಣೆ ಇಲ್ಲ. ಕನ್ನಡಕದವರಿಗೆ ಇದು ದಿನಾ ಕಾಡುವ ಕೊರತೆ.

ತಪ್ಪು ಕಲ್ಪನೆ: ಒಳ್ಳೆಯ ಬಾಡಿ ತೆಗೆದುಕೊಂಡುಬಿಡಿ, ಲೆನ್ಸ್ ನಿಧಾನಕ್ಕೆ ನೋಡಿಕೊಳ್ಳಬಹುದು.

ವಾಸ್ತವ: ಅತಿ ಹೆಚ್ಚು ದುಡ್ಡು ಪೋಲಾಗುವುದು ಈ ಮಾತಿನಿಂದಲೇ. ರಾತ್ರಿಯ ಯಕ್ಷಗಾನವನ್ನೇ ತೆಗೆದುಕೊಳ್ಳಿ. ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು ವೇಷಧಾರಿಯ ಕಡೆಗೆ ಪೂರ್ತಿ ಝೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸೆನ್ಸರಿನ ಬೆಳಕಿನ ಸಂವೇದನೆಯನ್ನು ಐಎಸ್‌ಒ 3200ಕ್ಕೆ ಏರಿಸಿದರೂ ರಂಗಸ್ಥಳದ ಬೆಳಕಿನಲ್ಲಿ ಶಟರ್ ವೇಗ ಸೆಕೆಂಡಿನ 1/30ರ ಆಸುಪಾಸಿಗೆ ಬಂದು ನಿಲ್ಲುತ್ತದೆ ಅಂದುಕೊಳ್ಳಿ. ಪುಂಡುವೇಷ ಧಿಗಿಣ ಹಾಕುತ್ತಿದ್ದರೆ ಆ ವೇಗಕ್ಕೆ ಸಿಗುವುದು ಕಲಸಿಹೋದ ಬಣ್ಣ ಮಾತ್ರ. ಕೈ ಯಾವುದು, ಗೆಜ್ಜೆಕಾಲು ಯಾವುದು ಗೊತ್ತಾಗುವುದಿಲ್ಲ. ಅದೇ ಬಾಡಿಗೆ 50 ಎಂಎಂ ಎಫ್/1.8 ಲೆನ್ಸ್ ಹಾಕಿ. ಒಳಗೆ ಬರುವ ಬೆಳಕು ಹತ್ತಿರಹತ್ತಿರ ಹತ್ತು ಪಟ್ಟಾಗುತ್ತದೆ, ಶಟರ್ 1/300ಕ್ಕೆ ಏರುತ್ತದೆ. ಕಿರೀಟದ ಮಣಿಸಾಲು, ಮುಖದ ಬಣ್ಣಗಾರಿಕೆ, ಗಾಳಿಯಲ್ಲಿ ನಿಂತ ಕಾಲು ಎಲ್ಲವೂ ಚಿತ್ರಕ್ಕೆ ಬರುತ್ತವೆ. ಐಎಸ್, ವಿಆರ್ ಎಂದು ಲೆನ್ಸಿನ ಮೇಲೆ ಬರೆದಿರುವ ಸೌಲಭ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ನಿಮ್ಮ ಕೈ ನಡುಗುವುದನ್ನು ಸರಿದೂಗಿಸುತ್ತದೆ, ಎದುರಿನವರ ಕುಣಿತವನ್ನಲ್ಲ.

ಈ 50 ಎಂಎಂ ಲೆನ್ಸ್ ಕ್ಯಾನನ್ನಿನಲ್ಲೂ ನಿಕಾನಿನಲ್ಲೂ ತೀರಾ ಅಗ್ಗದ ಲೆನ್ಸುಗಳ ಸಾಲಿಗೆ ಸೇರಿದ್ದು. ಬಾಡಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೆ ಉಳಿಯುವ ದುಡ್ಡಿಗೆ ಇದು ಬಂದುಬಿಡುತ್ತದೆ. ಒಂದು ಎಚ್ಚರಿಕೆ: ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿಗಿಂತ ಸಣ್ಣದಾದ ಈ ಬಾಡಿಗಳ ಸೆನ್ಸರಿನ ಮೇಲೆ ಇದರ ನೋಟ ಕ್ಯಾನನ್‌ನಲ್ಲಿ 80 ಎಂಎಂ, ನಿಕಾನ್‌ನಲ್ಲಿ 75 ಎಂಎಂ ಲೆನ್ಸಿನಷ್ಟು ಬಿಗಿಯಾಗುತ್ತದೆ. ಮನೆಯ ಚಿಕ್ಕ ಕೋಣೆಯಲ್ಲಿ ಮಗುವನ್ನು ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಥವರಿಗೆ ನಿಕಾನ್ ಡಿಎಕ್ಸ್ 35 ಎಂಎಂ ಎಫ್/1.8 ಅಥವಾ ಕ್ಯಾನನ್ 24 ಎಂಎಂ ಎಫ್/2.8 ವಾಸಿ. ರಂಗನತಿಟ್ಟಿನ ಹಕ್ಕಿಗಳ ಹಿಂದೆ ಬಿದ್ದವರಿಗೆ ಇವೆರಡೂ ಬೇಡ, ಕ್ಯಾನನ್ 55-250 ಅಥವಾ ನಿಕಾನ್ 70-300 ಬೇಕು. ಹಕ್ಕಿಯ ಲೆನ್ಸಿನ ಹೆಸರಿನಲ್ಲಿ ಐಎಸ್ ಅಥವಾ ವಿಆರ್ ಇದೆಯೇ ಎಂದು ತಪ್ಪದೆ ನೋಡಿ. ಅದಿಲ್ಲದ ಅಗ್ಗದ 75-300, 70-300 ಲೆನ್ಸುಗಳೂ ಮಾರುಕಟ್ಟೆಯಲ್ಲಿವೆ. ಹೋದ ಕೂಡಲೇ ಹಕ್ಕಿ ಸಿಗುವುದು ಅಪರೂಪ, ಕಾಯಲೇಬೇಕು. ಲೆನ್ಸ್ ಚಾಚಿ ಕಾಯುವಾಗ ಕೈ ನಡುಗಿಯೇ ನಡುಗುತ್ತದೆ.

ತಪ್ಪು ಕಲ್ಪನೆ: ಒಂದೇ ಕಂಪನಿಯದಾದರೆ ಯಾವ ಲೆನ್ಸೂ ಯಾವ ಬಾಡಿಗೂ ಆಗುತ್ತದೆ.

ವಾಸ್ತವ: ಎಷ್ಟೋ ಲೆನ್ಸುಗಳು ಕೂರುತ್ತವೆ, ಆದರೆ ಪೂರ್ತಿ ಕೆಲಸ ಮಾಡುತ್ತವೆ ಎಂಬ ಖಾತ್ರಿಯಿಲ್ಲ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಹಳೆಯ 50 ಎಂಎಂ ಎಫ್/1.8 'ಡಿ' ಲೆನ್ಸ್ ತಂದರೆ ಆಟೊಫೋಕಸ್ ಆಗುವುದೇ ಇಲ್ಲ, ಕೈಯಲ್ಲಿ ತಿರುಗಿಸಬೇಕು. 'ಜಿ' ಎಂದಿರುವ ಎಎಫ್-ಎಸ್ ಲೆನ್ಸ್ ಕೇಳಿ. ಇದರ ತಿರುವುಮುರುವು ತೊಂದರೆಯೂ ಇದೆ: ಹೊಸ ಎಎಫ್-ಪಿ ಲೆನ್ಸುಗಳು ಡಿ90, ಡಿ3100ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಮಾಡುವುದಿಲ್ಲ. ಕ್ಯಾನನ್‌ನ ಕಡಿಮೆ ಬೆಲೆಯ ಬಾಡಿಗಳಲ್ಲಿ ದೊಡ್ಡ ತೊಡಕು ಲೆನ್ಸಿನದಲ್ಲ, ಫ್ಲ್ಯಾಶಿನದು. 1500ಡಿ, 3000ಡಿ, 200ಡಿ ಮಾರ್ಕ್ 2 ಬಾಡಿಗಳ ತಲೆಯ ಮೇಲೆ ಫ್ಲ್ಯಾಶ್ ಕೂರುವ ಜಾಗದಲ್ಲಿ ನಡುವಿನ ಪಿನ್ನನ್ನೇ ತೆಗೆದುಹಾಕಿದ್ದಾರೆ. ಸಾಧಾರಣ ಬೆಲೆಯ ಬೇರೆ ಕಂಪನಿಯ ಫ್ಲ್ಯಾಶುಗಳು, ಟ್ರಿಗರ್‌ಗಳು ಎಷ್ಟೋ ಇದರ ಮೇಲೆ ಉರಿಯುವುದಿಲ್ಲ. ಮದುವೆ, ನಾಮಕರಣದ ಆರ್ಡರ್ ಹಿಡಿಯುವ ಆಸೆಯಿರುವ ಹುಡುಗರು ಇದನ್ನು ಮೊದಲೇ ತಿಳಿದಿರಬೇಕು. ಕ್ಯಾಮೆರಾದ ಜಾಹೀರಾತಿನಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ತಪ್ಪು ಕಲ್ಪನೆ: ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತೆಗೆದುಕೊಂಡರೆ ಮೋಸ ಹೋದಂತೆಯೇ.

ವಾಸ್ತವ: ನೋಡಿ ಕೊಂಡರೆ ಕಡಿಮೆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡಿಎಸ್‌ಎಲ್‌ಆರ್ ಬಿಟ್ಟು, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗುವವರು ತಮ್ಮ ಬಾಡಿ, ಲೆನ್ಸುಗಳನ್ನು ಮಾರುತ್ತಿದ್ದಾರೆ. ಚೆನ್ನಾಗಿ ಇಟ್ಟುಕೊಂಡ ಬಾಡಿಗಳು ಹೊಸದರ ಅರ್ಧ ಬೆಲೆಗೂ ಸಿಗುತ್ತವೆ.

ಆದರೆ ಹಗಲು ಹೊತ್ತಿನಲ್ಲೇ ಹೋಗಿ, ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ಮೊದಲು ಲೆನ್ಸ್ ಬಿಚ್ಚಿ ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಒಂದು ತುದಿಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಾಯಿಸಿ, ಇನ್ನೊಂದು ತುದಿಯಿಂದ ನೋಡಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಗಾಜಿನ ಅಂಚಿನಿಂದ ಒಳಮುಖವಾಗಿ ಹಬ್ಬಿದ, ಜೇಡನ ನೂಲಿನಷ್ಟು ಸಣ್ಣ ಕವಲು ಎಳೆಗಳು ಕಂಡರೆ ಅದು ಫಂಗಸ್. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಬಿಚ್ಚಿಸಿ ತೊಳೆಸುವ ಖರ್ಚು ಅಗ್ಗದ ಲೆನ್ಸಿಗೆ ಗಿಟ್ಟುವುದಿಲ್ಲ, ತೊಳೆದರೂ ಗಾಜಿನ ಲೇಪನದ ಮೇಲೆ ಕಲೆ ಉಳಿಯಬಹುದು. ಆಮೇಲೆ ಬಾಡಿ. ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳಾದರೆ ಕ್ಲೀನ್ ಮಾಡಿಸಬಹುದು, ಗೀರಾದರೆ ಕೈಬಿಡಿ. ಒಂದು ನ್ಯೂಸ್‌ಪೇಪರನ್ನು ಓರೆಯಾಗಿಟ್ಟು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಅದೇ ಸಾಲು ಸ್ಪಷ್ಟವಾಗಿ ಬಂದಿದೆಯೇ, ಮುಂದಿನದೋ ಹಿಂದಿನದೋ ಬಂದಿದೆಯೇ ನೋಡಿ.

ಇನ್ನು ಶಟರ್ ಕೌಂಟ್, ಅಂದರೆ ಆ ಬಾಡಿಯಲ್ಲಿ ಇದುವರೆಗೆ ಎಷ್ಟು ಸಲ ಕ್ಲಿಕ್ ಮಾಡಿದ್ದಾರೆ ಎಂಬ ಲೆಕ್ಕ. ನಿಕಾನ್ ಡಿ3500ರ ಶಟರನ್ನು ಕಂಪನಿ 1,00,000 ಕ್ಲಿಕ್‌ಗಳಿಗೆ ಪರೀಕ್ಷಿಸಿದೆ, ಡಿ7200ರದ್ದನ್ನು 1,50,000ಕ್ಕೆ. ಅಷ್ಟಾದ ಕೂಡಲೇ ನಿಲ್ಲುತ್ತದೆ ಎಂದೇನೂ ಅಲ್ಲ, ಅದಕ್ಕೂ ಮೊದಲೇ ಹೋಗುವುದೂ ಉಂಟು. ನಿಕಾನ್‌ನಲ್ಲಿ ಆಗಷ್ಟೇ ತೆಗೆದ ಫೋಟೊದ ಫೈಲಿನೊಳಗೇ ಈ ಸಂಖ್ಯೆ ಇರುತ್ತದೆ, ಎಕ್ಸಿಫ್ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಓದಬಹುದು. ಬಹುತೇಕ ಕ್ಯಾನನ್ ಬಾಡಿಗಳಲ್ಲಿ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿಯೇ ನೋಡಬೇಕು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ಕೆಳಗಿನ ನಂಬರಿಗೆ ತಾಳೆಯಾಗದಿದ್ದರೆ ಮಾತು ಮುಂದುವರಿಸುವುದೇ ಬೇಡ.

ತಪ್ಪು ಕಲ್ಪನೆ: ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಈಗ ಕೊಳ್ಳುವುದು ದಂಡ.

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾಡೆಲ್ ತಂದಿಲ್ಲ, ಅವುಗಳ ಹೊಸ ಕೆಲಸವೆಲ್ಲ ಮಿರರ್‌ಲೆಸ್‌ನಲ್ಲಿ. ಆದರೆ ಕಲಿಯುವವರಿಗೆ ಬೇಕಾದ್ದು ನಾಳೆ ಬರುವ ಮಾಡೆಲ್ ಅಲ್ಲ, ಇವತ್ತು ಕೈಗೆ ಸಿಗುವ ಲೆನ್ಸು. ನಿಕಾನ್ ಎಫ್ ಮೌಂಟ್ ಶುರುವಾದದ್ದು 1959ರಲ್ಲಿ, ಕ್ಯಾನನ್ ಇಎಫ್ 1987ರಲ್ಲಿ. ಇಷ್ಟು ವರ್ಷಗಳಲ್ಲಿ ತಯಾರಾದ ಲೆನ್ಸುಗಳ ರಾಶಿ ಮಾರುಕಟ್ಟೆಯಲ್ಲಿದೆ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಆಟೊಫೋಕಸ್ ಸಮೇತ ನಡೆಯುತ್ತವೆ, ನಿಕಾನ್‌ನಲ್ಲಿ ಮೋಟರ್ ಇರುವ ಎಎಫ್-ಎಸ್ ಲೆನ್ಸುಗಳೂ ಹಾಗೆಯೇ.

ಒಂದು ವರ್ಗಕ್ಕೆ ಮಾತ್ರ ನಾನೇ ಬೇಡ ಎನ್ನುತ್ತೇನೆ: ಮುಖ್ಯವಾಗಿ ವಿಡಿಯೊ ಮಾಡುವವರಿಗೆ. 1500ಡಿಗೂ ಡಿ3500ಕ್ಕೂ ಹೊರಗಿನ ಮೈಕ್ ಜೋಡಿಸುವ ತೂತೇ ಇಲ್ಲ, ವಿಡಿಯೊದಲ್ಲಿ ಫೋಕಸ್ ತಡಕಾಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲೇ ಬೇಕೆಂದರೆ ಕ್ಯಾನನ್ 200ಡಿ ನೋಡಬಹುದು. ಅದಕ್ಕೆ ಮೈಕ್ ಜಾಕ್ ಇದೆ, ಪರದೆ ತಿರುಗುತ್ತದೆ, ಫೋಕಸ್ ಮೆತ್ತಗೆ ಹಿಂಬಾಲಿಸುತ್ತದೆ. ಅದಕ್ಕೂ ಮೇಲಿನದು ಬೇಕಿದ್ದರೆ ಇನ್ನಷ್ಟು ದುಡ್ಡು ಕೂಡಿಸಿ ಮಿರರ್‌ಲೆಸ್‌ಗೇ ಹೋಗಿ.

ತಪ್ಪು ಕಲ್ಪನೆ: ಫುಲ್ ಫ್ರೇಮ್ ಇಲ್ಲದೆ 'ಪ್ರೊಫೆಷನಲ್' ಫೋಟೊ ಬರುವುದಿಲ್ಲ.

ವಾಸ್ತವ: ಮೊದಲ ಕ್ಯಾಮೆರಾಗೆ ಈ ಚರ್ಚೆಯೇ ಬೇಡ. ಫುಲ್ ಫ್ರೇಮ್ ಬಾಡಿಯ ಜೊತೆ ಅದರ ಲೆನ್ಸುಗಳ ಬೆಲೆ, ತೂಕ ಎರಡೂ ಏರುತ್ತವೆ. ಹಕ್ಕಿ ತೆಗೆಯುವವರಿಗೆ ಚಿಕ್ಕ ಸೆನ್ಸರಿನಿಂದ ಲಾಭವೇ ಇದೆ, 250 ಎಂಎಂ ಲೆನ್ಸ್ ಕ್ಯಾನನ್‌ನಲ್ಲಿ 400 ಎಂಎಂನಷ್ಟು ಬಿಗಿ ನೋಟ ಕೊಡುತ್ತದೆ. ನಮ್ಮ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರು ಆಟೊಫೋಕಸ್ ಇಲ್ಲದ ಕಾಲದಲ್ಲಿ, 36 ಫೋಟೊಗೆ ಮುಗಿದುಹೋಗುವ ರೋಲಿನಲ್ಲಿ ಕಾಡಿನ ಚಿತ್ರ ತೆಗೆದವರು. ಅವರ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಈಗಿನ ಅತಿ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿರುವ ಎಷ್ಟೋ ಅನುಕೂಲಗಳು ಅವರಿಗೆ ಸಿಕ್ಕಿರಲಿಲ್ಲ.

ತಪ್ಪು ಕಲ್ಪನೆ: ಡಿಎಸ್‌ಎಲ್‌ಆರ್ ಬಂತೆಂದರೆ ಫೋನಿಗಿಂತ ಒಳ್ಳೆಯ ಫೋಟೊ ತಾನಾಗಿ ಬರುತ್ತದೆ.

ವಾಸ್ತವ: ಮೊದಮೊದಲು ಫೋನಿನದೇ ಚೆನ್ನಾಗಿ ಕಾಣುತ್ತದೆ. ಫೋನು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹಲವು ಫೋಟೊ ತೆಗೆದು, ಬೆರೆಸಿ, ನೆರಳನ್ನು ಎತ್ತಿ, ಬಣ್ಣ ಏರಿಸಿ ಕೊಡುತ್ತದೆ. ಡಿಎಸ್‌ಎಲ್‌ಆರ್ ಆ ಕೆಲಸವನ್ನು ಬಹುಪಾಲು ನಿಮಗೆ ಬಿಡುತ್ತದೆ. ಹೊಸ ಕ್ಯಾಮೆರಾದ ಚಿತ್ರ ಮಂಕಾಗಿ ಕಂಡಿತೆಂದು ಎದೆಗುಂದಬೇಡಿ. ಆಟೊ ಮೋಡ್ ಬಿಟ್ಟು, ಅಪರ್ಚರನ್ನು ನೀವು ಆರಿಸುವ ಮೋಡ್‌ಗೆ ಬನ್ನಿ. ಕ್ಯಾನನ್‌ನಲ್ಲಿ ಎವಿ, ನಿಕಾನ್‌ನಲ್ಲಿ ಎ. ಸಂಜೆಯ ಬೆಳಕಿನಲ್ಲಿ ಮನೆಯ ಅಂಗಳದ ಒಂದೇ ಗಿಡವನ್ನು ಬೇರೆಬೇರೆ ಅಪರ್ಚರ್‌ನಲ್ಲಿ ತೆಗೆದು ನೋಡಿದವರಿಗೆ ಫೋನಿನದಕ್ಕಿಂತ ದೊಡ್ಡ ಸೆನ್ಸರ್ ಏನು ಮಾಡುತ್ತದೆ ಎಂಬುದು ತಾನೇ ತಿಳಿಯುತ್ತದೆ.

ತಪ್ಪು ಕಲ್ಪನೆ: ಬ್ಯಾಗ್, ಟ್ರೈಪಾಡ್, ಫಿಲ್ಟರ್ ಎಲ್ಲ ಫ್ರೀ ಕೊಡುವ ಸೆಟ್ಟೇ ಲಾಭ.

ವಾಸ್ತವ: ಫ್ರೀ ಟ್ರೈಪಾಡ್ ಗಾಳಿಗೆ ಅಲ್ಲಾಡುತ್ತದೆ. ಯುವಿ ಫಿಲ್ಟರ್ ಗಾಜಿಗೆ ಗೀರು ಬೀಳದಂತೆ ಕಾಯಬಹುದು, ಚಿತ್ರದ ಗುಣಮಟ್ಟವನ್ನಂತೂ ಹೆಚ್ಚಿಸುವುದಿಲ್ಲ. ಒಂದು ನಂಬಿಕಸ್ಥ ಅಂಗಡಿಯ ಮೆಮೊರಿ ಕಾರ್ಡ್, ಒಂದು ಹೆಚ್ಚುವರಿ ಬ್ಯಾಟರಿ ಸಾಕು. 24 ಮೆಗಾಪಿಕ್ಸೆಲ್‌ನ ರಾ ಫೋಟೊ ಒಂದಕ್ಕೆ 25ರಿಂದ 30 ಎಂಬಿ ಎಂದುಕೊಂಡರೂ 32 ಜಿಬಿ ಕಾರ್ಡಿನಲ್ಲಿ ಸಾವಿರದಷ್ಟು ಹಿಡಿಯುತ್ತವೆ. ಹೊಸ ಕ್ಯಾಮೆರಾ ಆದರೆ ಕಂಪನಿಯ ಇಂಡಿಯಾ ವಾರಂಟಿ ಕಾರ್ಡ್, ಜಿಎಸ್‌ಟಿ ಬಿಲ್ ಎರಡನ್ನೂ ಕೇಳಿ ಪಡೆಯಿರಿ. ಬಿಲ್ ಬೇಡವಾದರೆ ಎರಡು ಸಾವಿರ ಕಡಿಮೆ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ತಪ್ಪು ಕಲ್ಪನೆ: ಬ್ಯಾಗಿನೊಳಗೆ ಜಿಪ್ ಹಾಕಿ ಬೀರುವಿನಲ್ಲಿಟ್ಟರೆ ಕ್ಯಾಮೆರಾ ಭದ್ರ.

ವಾಸ್ತವ: ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಬೇಕು. ಕತ್ತಲು, ತೇವ, ಅಲುಗದ ಗಾಳಿ ಇವೇ ಫಂಗಸ್‌ಗೆ ಬೇಕಾದದ್ದು. ಮಳೆಗಾಲದ ತಿಂಗಳುಗಳಲ್ಲಿ ಬೀರುವಿನೊಳಗಿನ ಬ್ಯಾಗು ಮೂರನ್ನೂ ಒದಗಿಸುತ್ತದೆ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಬೇಕಿಲ್ಲ. ಪಾತ್ರೆ ಅಂಗಡಿಯಲ್ಲಿ ಸಿಗುವ, ರಬ್ಬರ್ ಪಟ್ಟಿಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ, ಅದು ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ನೀರು ಹೀರಿ ತುಂಬಿದೆ ಎಂದರ್ಥ. ಅದನ್ನು ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಆ ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ವಿಷಕಾರಿ, ಹಾಗಾಗಿ ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ.