ಕಾರ್ಟಿಸಾಲ್ ಹತ್ತುವ ಬಸ್ಸು: ಟ್ರಾನ್ಸ್‌ಕಾರ್ಟಿನ್

ಕಳೆದ ಚಳಿಗಾಲದಲ್ಲಿ ಮೈಸೂರಿನಿಂದ ನನ್ನ ತಮ್ಮನ ಮಗಳು ವಾಟ್ಸಾಪಿನಲ್ಲಿ ಒಂದು ಲ್ಯಾಬ್ ರಿಪೋರ್ಟು ಕಳಿಸಿದಳು. "ದೊಡ್ಡಪ್ಪ, ಒಂದ್ಸಲ ನೋಡಿ. ಕಾರ್ಟಿಸಾಲ್ ಜಾಸ್ತಿ ಅಂತ ಬಂದಿದೆ, ಭಯ ಆಗ್ತಿದೆ." ರಿಯಾಯಿತಿ ದರದಲ್ಲಿ ಸಿಕ್ಕಿತೆಂದು ಮಾಡಿಸಿಕೊಂಡ 'ಫುಲ್ ಬಾಡಿ ಚೆಕಪ್'. ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 36 ಮೈಕ್ರೋಗ್ರಾಂ. ಇರಬೇಕಾದದ್ದು ಹೆಚ್ಚೆಂದರೆ 25ರ ಒಳಗೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಅಷ್ಟರಲ್ಲಿ ಅವಳು ಇಂಟರ್ನೆಟ್ಟಿನಲ್ಲಿ ಕುಶಿಂಗ್ ಕಾಯಿಲೆಯ ಬಗ್ಗೆ ಓದಿ ಮುಗಿಸಿದ್ದಳು. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿಬಿಡು ಎಂದು ಯಾರೋ ಸಲಹೆಯನ್ನೂ ಕೊಟ್ಟಿದ್ದರು.

ವಿಡಿಯೋ ಕಾಲ್ ಮಾಡಿ ನೋಡಿದೆ. ಮುಖ ಗುಂಡಗಾಗಿರಲಿಲ್ಲ, ಚರ್ಮ ತೆಳುವಾಗಿ ಕಂದುಗಟ್ಟಿರಲಿಲ್ಲ. ಕೈ ಊರದೆ ನೆಲದಿಂದ ಏಳಲು ಹೇಳಿದೆ, ಸಲೀಸಾಗಿ ಎದ್ದಳು. "ಮಾತ್ರೆ ಏನಾದ್ರೂ ತಗೊಳ್ತಿದ್ದೀಯೇನಮ್ಮಾ?" ಸ್ವಲ್ಪ ಸಂಕೋಚದಿಂದ ಹೇಳಿದಳು: ಪಿ.ಸಿ.ಓ.ಡಿ.ಗೆಂದು ಡಾಕ್ಟರು ಬರೆದುಕೊಟ್ಟ ಹಾರ್ಮೋನ್ ಮಾತ್ರೆ, ಎಂಟು ತಿಂಗಳಿಂದ. ಅಂದರೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ. ಚೆಕಪ್ ಮಾಡಿದವರು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಆ ಮಾತ್ರೆಗೂ ಕಾರ್ಟಿಸಾಲಿಗೂ ಏನು ನಂಟು ಎಂದು ತಿಳಿಯಲು ರಕ್ತದಲ್ಲಿರುವ ಒಂದು ಪ್ರೋಟೀನಿನ ಪರಿಚಯವಾಗಬೇಕು. ಅದರ ಹೆಸರು ಟ್ರಾನ್ಸ್‌ಕಾರ್ಟಿನ್. ವೈದ್ಯಕೀಯ ಪುಸ್ತಕಗಳಲ್ಲಿ ಸಿ.ಬಿ.ಜಿ. ಎಂದಿರುತ್ತದೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕೊಲೆಸ್ಟರಾಲಿನಿಂದ ಕಾರ್ಟಿಸಾಲ್ ತಯಾರಿಸುತ್ತವೆ. ರಕ್ತದೊತ್ತಡ, ಸಕ್ಕರೆ, ಸೋಂಕಿನ ವಿರುದ್ಧದ ಉರಿಯೂತ, ಎಲ್ಲಕ್ಕೂ ಅದು ಬೇಕು. ಆದರೆ ಅದು ಕೊಬ್ಬಿನ ಜಾತಿಯದು, ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ರಕ್ತದಲ್ಲಿ ಸಾಗಲು ವಾಹನ ಬೇಕು. ನೂರು ಕಣ ಕಾರ್ಟಿಸಾಲ್ ಇದ್ದರೆ ಸುಮಾರು 80ರಿಂದ 90 ಟ್ರಾನ್ಸ್‌ಕಾರ್ಟಿನ್ ಎಂಬ ಬಸ್ಸಿನಲ್ಲಿ ಸೀಟು ಹಿಡಿದಿರುತ್ತವೆ. ಒಂದಷ್ಟು ಆಲ್ಬುಮಿನ್ ಎಂಬ ಲಾರಿಗೆ ಸಡಿಲವಾಗಿ ಜೋತುಬಿದ್ದಿರುತ್ತವೆ. ಕಾಲ್ನಡಿಗೆಯಲ್ಲಿ ಹೋಗುವವು ಐದರ ಆಸುಪಾಸು. ಜೀವಕೋಶದೊಳಗೆ ಹೊಕ್ಕು ಕೆಲಸ ಮಾಡುವುದು ಈ ಐದೇ. ಬಸ್ಸಿನಲ್ಲಿ ಕುಳಿತವನು ಯಾರ ಮನೆ ಬಾಗಿಲನ್ನೂ ತಟ್ಟಲಾರ, ಇಳಿದವನು ಮಾತ್ರ ತಟ್ಟಿಯಾನು.

ಸಾಮಾನ್ಯ ಲ್ಯಾಬುಗಳು ಅಳೆಯುವುದಾದರೋ ಒಟ್ಟು ಮೊತ್ತವನ್ನು: ಬಸ್ಸಿನವರು, ಲಾರಿಯವರು, ನಡೆದುಹೋಗುವವರು ಎಲ್ಲರನ್ನೂ ಸೇರಿಸಿ. ಗೊಂದಲ ಹುಟ್ಟುವುದೇ ಇಲ್ಲಿ. (ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿರುವ ಓದುಗರ ರಿಪೋರ್ಟು ನ್ಯಾನೊಮೋಲ್ ಲೆಕ್ಕದಲ್ಲಿರುತ್ತದೆ. ನಮ್ಮ ಸಂಖ್ಯೆಯನ್ನು 27.6ರಿಂದ ಗುಣಿಸಿದರೆ ಅವರದು ಸಿಗುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಕಿಲ್ಲ.)

ಟ್ರಾನ್ಸ್‌ಕಾರ್ಟಿನ್ ತಯಾರಾಗುವುದು ಯಕೃತ್ತಿನಲ್ಲಿ. ನುಂಗಿದ ಈಸ್ಟ್ರೋಜನ್ ಕರುಳಿನಿಂದ ಮೊದಲು ಹೋಗುವುದೂ ಅಲ್ಲಿಗೇ. ಅದು ಹೇಳಿದಂತೆ ಕೇಳಿ ಯಕೃತ್ತು ಬಸ್ಸುಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಬಿಡುತ್ತದೆ. ಖಾಲಿ ಸೀಟುಗಳಿಗೆ ಕಾರ್ಟಿಸಾಲ್ ಹತ್ತಿಕೊಳ್ಳುತ್ತದೆ, ನಡೆದುಹೋಗುವವರು ಕಡಿಮೆಯಾಗುತ್ತಾರೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಣಿಸುವುದು ನಡೆದುಹೋಗುವವರನ್ನು ಮಾತ್ರ. ಕೊರತೆ ಕಂಡೊಡನೆ ಅಡ್ರಿನಲ್ಲಿಗೆ ಹೇಳಿ ಇನ್ನಷ್ಟು ತರಿಸಿಕೊಳ್ಳುತ್ತದೆ. ಕೊನೆಗೆ ನಡೆದುಹೋಗುವವರು ಮೊದಲಿನಷ್ಟೇ, ಬಸ್ಸಿನಲ್ಲಿರುವವರು ಮಾತ್ರ ಎರಡರಷ್ಟು. ಒಟ್ಟು ಸಂಖ್ಯೆ ಏರುತ್ತದೆ, ಕಾಯಿಲೆ ಇರುವುದಿಲ್ಲ. ಚರ್ಮಕ್ಕೆ ಅಂಟಿಸಿಕೊಳ್ಳುವ ಈಸ್ಟ್ರೋಜನ್ ಪಟ್ಟಿಯಿಂದ ಇಷ್ಟೊಂದು ಏರಿಕೆ ಆಗುವುದಿಲ್ಲ, ಏಕೆಂದರೆ ಅದು ನೇರವಾಗಿ ಯಕೃತ್ತಿಗೆ ಹೋಗುವುದಿಲ್ಲ. ಗರ್ಭಿಣಿಯರಲ್ಲಿಯೂ ಬಸ್ಸುಗಳು ಹೆಚ್ಚುತ್ತವೆ. ಅವರಲ್ಲಿ ನಡೆದುಹೋಗುವ ಕಾರ್ಟಿಸಾಲೂ ಹೆಚ್ಚುವುದರಿಂದ ಆ ಲೆಕ್ಕ ಬೇರೆ.

ಇದು ಹೊಸ ತಿಳಿವಳಿಕೆಯೇನಲ್ಲ. ಬಫಲೋ ನಗರದ ಸ್ಲಾನ್‌ವೈಟ್ ಮತ್ತು ಸ್ಯಾಂಡ್‌ಬರ್ಗ್ ಈ ಪ್ರೋಟೀನಿಗೆ ಟ್ರಾನ್ಸ್‌ಕಾರ್ಟಿನ್ ಎಂಬ ಹೆಸರಿಟ್ಟದ್ದು 1959ರಲ್ಲಿ. ಈಸ್ಟ್ರೋಜನ್ ಕೊಟ್ಟರೆ ಅದು ಏರುತ್ತದೆಂದು ಅದೇ ವರ್ಷ ಬರೆದರು. ಇಂದಿಗೂ ಮಾತ್ರೆಯ ಪ್ರಶ್ನೆ ಕೇಳದೆ ಕಾರ್ಟಿಸಾಲ್ ಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಮಾರುತ್ತಾರೆ. ನನಗಂತೂ ಅದು ವ್ಯಾಪಾರವಾಗಿ ಕಾಣುತ್ತದೆಯೇ ಹೊರತು ವೈದ್ಯಕೀಯವಾಗಿ ಅಲ್ಲ.

ಹಾಗೆಂದು ನಾನು ಬೇರೆಯವರನ್ನಷ್ಟೇ ಬೈದರೆ ಆಗದು. 1990ರ ದಶಕದಲ್ಲಿ ನನ್ನ ಕೈಕೆಳಗೆ ಯಕೃತ್ತು ಗಟ್ಟಿಯಾಗಿ ಸಿರೋಸಿಸ್ ಆಗಿದ್ದ ಒಬ್ಬ ಹಿರಿಯರಿದ್ದರು. ರಕ್ತದೊತ್ತಡ ಕಡಿಮೆ, ಸುಸ್ತು. ಒಟ್ಟು ಕಾರ್ಟಿಸಾಲ್ ಕಡಿಮೆ ಬಂದದ್ದನ್ನು ನೋಡಿ ಅಡ್ರಿನಲ್ ಸೋತಿದೆ ಎಂದು ತೀರ್ಮಾನಿಸಿದೆ. ತಿಂಗಳುಗಟ್ಟಲೆ ಹೈಡ್ರೋಕಾರ್ಟಿಸೋನ್ ಕೊಟ್ಟೆ. ಅವರ ಸಕ್ಕರೆ ಏರಿತು, ಕಾಲಿನ ಹುಣ್ಣು ಮಾಯಲಿಲ್ಲ. ಬಸ್ಸು ಕಟ್ಟುವ ಕಾರ್ಖಾನೆಯೇ ಕೆಟ್ಟಿದ್ದಾಗ ಬಸ್ಸಿನಲ್ಲಿ ಜನ ಕಡಿಮೆ ಇರುವುದು ಸಹಜವೆಂದು ನನಗೆ ಹೊಳೆಯಲಿಲ್ಲ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಹಮ್ರಾಹಿಯನ್ ಮತ್ತು ಸಂಗಡಿಗರ ಲೇಖನ ಬಂತು. ತೀವ್ರ ಅಸ್ವಸ್ಥರಾದ 66 ಜನರನ್ನು ಅವರು ಪರೀಕ್ಷಿಸಿದ್ದರು. ಅವರಲ್ಲಿ ಆಲ್ಬುಮಿನ್ ಕುಸಿದಿದ್ದವರ ಪೈಕಿ ಸುಮಾರು 40 ಪ್ರತಿಶತ ಜನರ ಒಟ್ಟು ಕಾರ್ಟಿಸಾಲ್ ಅಡ್ರಿನಲ್ ಸೋತವರಂತೆ ಕಡಿಮೆ ಇತ್ತು. ಆದರೆ ಅವರೆಲ್ಲರ ಅಡ್ರಿನಲ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಸ್ವತಂತ್ರ ಕಾರ್ಟಿಸಾಲ್ ಆರೋಗ್ಯವಂತರಿಗಿಂತ ಎಷ್ಟೋ ಪಟ್ಟು ಮೇಲಿತ್ತು. ಅದನ್ನು ಓದಿದ ದಿನ ನನಗೆ ಆ ಹಿರಿಯರ ನೆನಪಾಯಿತು. ಅಷ್ಟರಲ್ಲಿ ಅವರು ತೀರಿಕೊಂಡು ವರ್ಷಗಳಾಗಿದ್ದವು.

ಕಾಯಿಲೆ ಜೋರಾದಾಗ ಬಸ್ಸುಗಳು ಕಡಿಮೆಯಾಗುವುದು ಬರೀ ಯಕೃತ್ತಿನ ಸೋಲಲ್ಲ, ಅದರಲ್ಲೊಂದು ಉಪಾಯವೂ ಇದೆ. 1987ರಲ್ಲಿ ಜೆಫ್ರಿ ಹ್ಯಾಮಂಡ್ ಮತ್ತು ಸಂಗಡಿಗರು ಟ್ರಾನ್ಸ್‌ಕಾರ್ಟಿನ್‌ನ ಅಮೈನೋ ಆಮ್ಲಗಳ ಸರಣಿಯನ್ನು ಓದಿದಾಗ ಅದಕ್ಕೊಂದು ಅನಿರೀಕ್ಷಿತ ಬಂಧುಬಳಗ ಸಿಕ್ಕಿತು. ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಅದರ ದಾಯಾದಿ. ಈ ಬಳಗಕ್ಕೆ ಸರ್ಪಿನ್ ಎಂದು ಹೆಸರು. ಆಂಟಿಟ್ರಿಪ್ಸಿನ್‌ನ ಮೈಮೇಲೆ ಇಲಿಬೋನಿನ ಸ್ಪ್ರಿಂಗಿನಂಥ ಒಂದು ಕುಣಿಕೆ ಇದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸುರಿಸುವ ಎಲಾಸ್ಟೇಸ್ ಕಿಣ್ವ ಆ ಕುಣಿಕೆಯನ್ನು ಕಚ್ಚಿದರೆ ತಾನೇ ಸಿಕ್ಕಿಬೀಳುತ್ತದೆ. ಟ್ರಾನ್ಸ್‌ಕಾರ್ಟಿನ್‌ಗೂ ಅಂಥ ಕುಣಿಕೆ ಇದೆ, ಆದರೆ ಅದು ಯಾರನ್ನೂ ಹಿಡಿಯುವುದಿಲ್ಲ. ಎಲಾಸ್ಟೇಸ್ ಅದನ್ನು ಕತ್ತರಿಸಿದಾಗ ಪ್ರೋಟೀನಿನ ಆಕಾರವೇ ಬದಲಾಗುತ್ತದೆ, ಕಾರ್ಟಿಸಾಲಿನ ಮೇಲಿನ ಹಿಡಿತ ಸಡಿಲುತ್ತದೆ. 1988ರಲ್ಲಿ ನೇಚರ್ ಪತ್ರಿಕೆಯಲ್ಲಿ ಪೆಂಬರ್ಟನ್, ಕ್ಯಾರೆಲ್ ಮುಂತಾದವರು ಇದನ್ನು ವಿವರಿಸಿದರು.

ಇದರ ಅರ್ಥ ನೋಡಿ. ನ್ಯೂಮೋನಿಯಾ ಆದ ಶ್ವಾಸಕೋಶದಲ್ಲಿ ನ್ಯೂಟ್ರೋಫಿಲ್‌ಗಳು ಮುಗಿಬಿದ್ದಿರುತ್ತವೆ. ಅಲ್ಲಿಗೆ ಬಂದ ಬಸ್ಸಿನ ಬಾಗಿಲು ಅಲ್ಲೇ ತೆರೆದುಕೊಂಡು, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಕಾರ್ಟಿಸಾಲ್ ಬೇಕಾದ ಜಾಗದಲ್ಲೇ ಇಳಿಯುತ್ತದೆ. ಜ್ವರ ಏರಿದಾಗಲೂ ಟ್ರಾನ್ಸ್‌ಕಾರ್ಟಿನ್‌ನ ಹಿಡಿತ ಸಡಿಲಾಗುತ್ತದೆ. ನಾವು ಬರೀ ಹಮಾಲಿ ಎಂದುಕೊಂಡಿದ್ದ ಪ್ರೋಟೀನಿಗೆ ಎಲ್ಲಿ ಮೂಟೆ ಇಳಿಸಬೇಕೆಂಬ ಅರಿವೂ ಇದ್ದಂತಾಯಿತು.

ಹುಟ್ಟಿನಿಂದಲೇ ಈ ಪ್ರೋಟೀನು ಇಲ್ಲದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಇಟಲಿ ಮೂಲದ ಅಂಥದ್ದೊಂದು ಕುಟುಂಬದ ವರದಿ 2001ರಲ್ಲಿ ಬಂತು. ಅವರಲ್ಲಿ ಸುಸ್ತು, ಕಡಿಮೆ ರಕ್ತದೊತ್ತಡ ಹೆಚ್ಚಾಗಿ ಕಂಡವು. ಆದರೆ ಅಡ್ರಿನಲ್ ಸೋತವರಂತೆ ಅವರ ಪ್ರಾಣಕ್ಕೆ ಕುತ್ತು ಬರಲಿಲ್ಲ.

ಇನ್ನು ಮೈಸೂರಿನ ಹುಡುಗಿಯ ವಿಷಯ. ಕುಶಿಂಗ್ ಕಾಯಿಲೆಯನ್ನು ಪತ್ತೆಹಚ್ಚಲು ರಾತ್ರಿ ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ ತೆಗೆಯುವ ಪರೀಕ್ಷೆ ಇದೆ. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಅದು ಸುಳ್ಳು ಫಲಿತಾಂಶ ಕೊಡಬಹುದು. ಅದನ್ನು ಮಾಡಿಸುವುದಾದರೆ ಆರು ವಾರ ಮೊದಲೇ ಮಾತ್ರೆ ನಿಲ್ಲಿಸಬೇಕು. ಆದ್ದರಿಂದ ಜೊಲ್ಲಿನ ಪರೀಕ್ಷೆ ಮಾಡಿಸಬಹುದೇ ಎಂದು ಅಲ್ಲಿನ ಎಂಡೋಕ್ರೈನ್ ತಜ್ಞರನ್ನು ಕೇಳಲು ಹೇಳಿದೆ. ಬಸ್ಸು ಜೊಲ್ಲಿಗೆ ಇಳಿಯುವುದಿಲ್ಲ, ನಡೆದುಹೋಗುವ ಕಾರ್ಟಿಸಾಲ್ ಮಾತ್ರ ಇಳಿಯುತ್ತದೆ. ಆರೋಗ್ಯವಂತರಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಅದು ತಳಕ್ಕೆ ಮುಟ್ಟಿರುತ್ತದೆ, ಕುಶಿಂಗ್ ಇರುವವರಲ್ಲಿ ಇಳಿದಿರುವುದಿಲ್ಲ. ಎರಡು ರಾತ್ರಿ ಹತ್ತಿಯ ಸುರುಳಿ ಬಾಯಲ್ಲಿಟ್ಟುಕೊಂಡು ಕೂತಿದ್ದಳಂತೆ. ಎರಡೂ ಸಲ ನಾರ್ಮಲ್ ಬಂತು. ತಜ್ಞರು ಸ್ಕ್ಯಾನ್ ಬೇಡವೆಂದರು. ಮಾತ್ರೆಯನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ಅವಳೂ ಅವಳ ಸ್ತ್ರೀರೋಗ ತಜ್ಞೆಯೂ ಕೂತು ನಿರ್ಧರಿಸಿಕೊಂಡರು.