ಉಡದ ಮೊಟ್ಟೆ ಮತ್ತು ಮಣ್ಣಿನ ಶಾಖ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರು, ಬಂಡೀಪುರ ಅರಣ್ಯದ ಅಂಚಿನಲ್ಲಿರುವ ಗ್ರಾಮ. ಕಳೆದ ಶ್ರಾವಣದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ರಾಗಿ ಹೊಲದ ಬದುವಿನ ಹುತ್ತವೊಂದನ್ನು ಉಡವೊಂದು ತೋಡುತ್ತಿದ್ದುದನ್ನು ಕಂಡೆವು. ಮೊಟ್ಟೆಯಿಡುವುದಕ್ಕೇ ಇರಬೇಕು. ಹೊಲದ ಯಜಮಾನರು, “ಕೋಳಿ ಸಾಕ್ದಂಗೆ ಇದ್ನೂ ಸಾಕಿ ಮರಿ ಮಾಡ್ಸಕಾಗಕಿಲ್ವಾ ಮೇಷ್ಟ್ರೆ?” ಎಂದು ಕೇಳಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡವನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿರುವುದರಿಂದ ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯದು. ಮದರಾಸಿನ ದಕ್ಷಿಣಕ್ಕೆ 1976ರಲ್ಲಿ ಸ್ಥಾಪಿತವಾದ ಕ್ರೊಕೊಡೈಲ್ ಬ್ಯಾಂಕಿನಲ್ಲಿ, ನಮ್ಮ ಉಡದ ಹತ್ತಿರದ ಬಂಧುವಾದ ನೀರಿನ ಉಡವು ಸಂತಾನವನ್ನು ಪಡೆದಿರುವುದುಂಟು. ಹಾಗಾದರೆ ತೊಡಕು ಎಲ್ಲಿದೆ?

ಆಹಾರದಲ್ಲಿಲ್ಲ, ಜೀರುಂಡೆ, ಏಡಿ, ಕಪ್ಪೆ, ಏನು ಕೊಟ್ಟರೂ ಉಡ ತಿನ್ನುತ್ತದೆ. ಬೇಲಿಯಲ್ಲಿಯೂ ಇಲ್ಲ, ಗೋಡೆ ನುಣುಪಾಗಿದ್ದು ತಳಪಾಯ ಆಳವಾಗಿದ್ದರೆ ಸಾಕು. ತೊಡಕೆಲ್ಲವೂ ಇರುವುದು ಮಣ್ಣಿನಲ್ಲಿ. ಬಯಲಿನ ಆವರಣದಲ್ಲಿ ಮನಸ್ಸಿಗೊಪ್ಪುವ ಜಾಗ ದೊರೆಯದಿದ್ದರೆ ಹೆಣ್ಣು ಉಡವು ಮೊಟ್ಟೆಗಳನ್ನು ಒಡಲಲ್ಲಿಯೇ ತಡೆಹಿಡಿದು ಸಾಯುವುದೂ ಉಂಟು. ಹಕ್ಕಿಯಂತೆ ಕಾವು ಕೊಡುವ ಪದ್ಧತಿ ಅದಕ್ಕಿಲ್ಲ. ಐದೂವರೆಯಿಂದ ಎಂಟು ತಿಂಗಳಿಗೂ ಮೀರಿ ಕಾವು ಕೊಡಬೇಕಾದುದು ನೆಲವೇ.

ಇಲ್ಲಿ ಭೌತಶಾಸ್ತ್ರವು ಪ್ರವೇಶಿಸುತ್ತದೆ (ನಮ್ಮ ಕಸುಬಿನ ಚಾಳಿಯನ್ನು ವಾಚಕರು ಮನ್ನಿಸಬೇಕು). ಹಗಲು ಕಾದು ಇರುಳು ತಣಿಯುವ ನೆಲದ ಉಷ್ಣತೆಯು ಒಂದು ಅಲೆಯಂತೆ ಕೆಳಕ್ಕಿಳಿಯುತ್ತದೆ. ತೇವವಾದ ಮಣ್ಣಿನಲ್ಲಿ ಸುಮಾರು 12 ಸೆಂಟಿಮೀಟರು ಇಳಿದಾಗಲೆಲ್ಲ ಈ ಅಲೆಯ ಏರಿಳಿತವು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಾಗಿ ಮಾತ್ರ ಉಳಿಯುತ್ತದೆ. ಮೇಲ್ಮೈಯಲ್ಲಿ ಸರಾಸರಿಗಿಂತ 15 ಡಿಗ್ರಿ ಮೇಲಕ್ಕೂ ಕೆಳಕ್ಕೂ ತೂಗುವ ಉಷ್ಣತೆ, 60 ಸೆಂಟಿಮೀಟರು ಆಳದಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದರಷ್ಟೂ ಕದಲದಿರಬಹುದು! ಋತುಗಳ ಅಲೆಯಾದರೋ ಇದಕ್ಕೆ ಹತ್ತೊಂಬತ್ತು ಪಟ್ಟು ಆಳಕ್ಕೆ ನುಗ್ಗುತ್ತದೆ, 365ರ ವರ್ಗಮೂಲವೇ ಈ ಹತ್ತೊಂಬತ್ತು.

ಆಸ್ಟ್ರೇಲಿಯದ ಒಂದು ಜಾತಿಯ ಉಡವು ಸುರುಳಿಯಾಗಿ ಮೂರು ಮೀಟರಿಗೂ ಮಿಗಿಲಾದ ಆಳಕ್ಕೆ ತೋಡಿ ಮೊಟ್ಟೆಯಿಡುವುದನ್ನು ಸಂಶೋಧಕರು ಕಂಡಿದ್ದಾರೆ. ಅಲ್ಲಿ ಶಾಖಕ್ಕಿಂತಲೂ ತೇವವೇ ಕಾರಣವೆಂದು ಅವರ ಅಭಿಪ್ರಾಯ. ಉಡದ ಮೊಟ್ಟೆಯ ಕವಚವು ಕೋಳಿಮೊಟ್ಟೆಯದರಂತೆ ಗಡುಸಲ್ಲ, ಚರ್ಮದಂತಹುದು. ಮಣ್ಣಿನ ನೀರನ್ನು ಹೀರಿ ಮೊಟ್ಟೆ ಉಬ್ಬುತ್ತದೆ, ಒಣಮಣ್ಣಿನಲ್ಲಿ ಸೊರಗಿ ಕುಗ್ಗುತ್ತದೆ. ಗೆದ್ದಲು ಕಟ್ಟಿದ ಹುತ್ತದ ಒಡಲಲ್ಲಿ ತೇವವೂ ಹದವಾದ ಬೆಚ್ಚನೆಯೂ ಒಟ್ಟಿಗೇ ದೊರೆಯುತ್ತವೆ. ಎಂಜಿನಿಯರೂ ಮೆಚ್ಚುವಂತಹ ಈ ಮನೆಯನ್ನು ಉಡವು ಬಾಡಿಗೆಯಿಲ್ಲದೆ ಬಳಸಿಕೊಳ್ಳುತ್ತದೆ. ಆದುದರಿಂದ ಆವರಣವನ್ನು ಕಟ್ಟುವವರು ಒಂದು ಮೂಲೆಗೆ ಬುಟ್ಟಿ ಮರಳು ಸುರಿದು ಸುಮ್ಮನಾಗಬಾರದು. ಆಳವಾಗಿ ತುಂಬಿದ, ತೋಡಿದರೆ ಕುಸಿಯದ, ತೇವ ಆರದ ಮಣ್ಣು ಬಿಸಿಲಿನ ಕಡೆಗೊಂದಿಷ್ಟು, ನೆರಳಿನ ಕಡೆಗೊಂದಿಷ್ಟು ಇರಬೇಕು. ಆಯ್ಕೆಯನ್ನು ತಾಯಿಗೇ ಬಿಡುವುದು ಲೇಸು. ಮೊಸಳೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣತೆ ನಿರ್ಧರಿಸುತ್ತದೆ. ಉಡಕ್ಕೆ ಆ ಪಾಡಿಲ್ಲ, ವರ್ಣತಂತುಗಳೇ ಅದನ್ನು ತೀರ್ಮಾನಿಸಿರುತ್ತವೆ.

ಇಷ್ಟನ್ನೂ ನಾವು ಬದುವಿನ ಮೇಲೆ ಕುಳಿತು ವಿವರಿಸಿದೆವು. ಯಜಮಾನರು ಹೊಲವನ್ನು ಮಟ್ಟಮಾಡಲು ಸುಗ್ಗಿಯ ನಂತರ ಆ ಹುತ್ತವನ್ನು ಕೆಡವಿಸಬೇಕೆಂದಿದ್ದರಂತೆ. ಸ್ವಲ್ಪ ಹೊತ್ತು ಯೋಚಿಸಿ, “ಹಂಗಾರೆ ಎಲ್ಲೀಗಂಟ ಬಿಡ್ಬೇಕು?” ಎಂದರು. ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗೆ ಎಂದೆವು. ಅವರು ಹುತ್ತದ ಪಕ್ಕದಲ್ಲಿ ಒಂದು ಗೂಟ ನೆಟ್ಟರು.